ಕೊಲಂಬಸನಿಗಿಂತ ಮೊದಲಿನ ಅಮೇರಿಕವೂ ನಮ್ಮ ಮಕ್ಕಳ ಸ್ಪಾನಿಷ್ ಪಾಠವೂ

"ಅಮೇರಿಕಾ ಖಂಡವನ್ನು ಕಂಡುಹಿಡಿದವರು ಯಾರು?" ಎಂಬ ಪ್ರಶ್ನೆಗೆ "ಕೊಲಂಬಸ್" ಎಂದು ಬರೆದ ವಿದ್ಯಾರ್ಥಿಗೆ ಒಂದು ಅಂಕ ದೊರೆಯುತ್ತದೆ. ನಾನು ಬೆಂಚಿನಲ್ಲಿ ಕುಳಿತಿದ್ದ ಕಾಲಕ್ಕೂ ದೊರೆಯುತ್ತಿತ್ತು, ಇಂದಿನ ರಸಪ್ರಶ್ನೆ ಸ್ಪರ್ಧೆಗಳಲ್ಲಿಯೂ ದೊರೆಯುತ್ತಿದೆ. 1492ನೆಯ ಇಸವಿ ಅಕ್ಟೋಬರ್ 12ರಂದು ಕೊಲಂಬಸನ ಹಡಗುಗಳು ಬಹಾಮಾ ದ್ವೀಪವೊಂದರ ದಡ ಮುಟ್ಟಿದಾಗ ಆ ದ್ವೀಪದಲ್ಲಿ ಜನರಿದ್ದರು. ಅವರು ಗೆಣಸು ಬೆಳೆಯುತ್ತಿದ್ದರು, ಹತ್ತಿಯ ನೂಲು ತೆಗೆಯುತ್ತಿದ್ದರು, ಒಂದೇ ಮರವನ್ನು ಕೊರೆದು ಮಾಡಿದ ದೋಣಿಗಳಲ್ಲಿ ದ್ವೀಪದಿಂದ ದ್ವೀಪಕ್ಕೆ ಹೋಗಿ ಬರುತ್ತಿದ್ದರು. ಜನರು ಸಂಸಾರ ಹೂಡಿಕೊಂಡಿರುವ ಮನೆಯೊಳಕ್ಕೆ ಕಾಲಿಟ್ಟವನು ತಾನೇ ಆ ಮನೆಯನ್ನು ಕಂಡುಹಿಡಿದೆನೆಂದರೆ ಮನೆಯವರು ನಕ್ಕಾರು. ಅದೂ ಅಲ್ಲದೆ ಆತನು ತಾನು ಇಂಡಿಯಾದ ಕಡೆಗೆ ಬಂದು ಸೇರಿದೆನೆಂದೇ ನಂಬಿ ಆ ಜನರನ್ನು 'ಇಂಡಿಯನ್ನರು' ಎಂದು ಕರೆದನು. ನಮ್ಮ ಹೆಸರನ್ನು ಅವರು ಐನೂರು ವರ್ಷಗಳಿಂದ ಹೊತ್ತಿದ್ದಾರೆ. ಅವರ ವಿಚಾರವಾಗಿ ನಮ್ಮ ಮಕ್ಕಳಿಗೆ ತಿಳಿದಿರುವುದು ಮಾತ್ರ ಆ ಒಂದು ಅಂಕದಷ್ಟೆ.

ಕಳೆದ ಎರಡು ವರ್ಷಗಳಿಂದ ಶನಿವಾರ ಬೆಳಿಗ್ಗೆ ಆಸಕ್ತಿಯುಳ್ಳ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಒಂದೂವರೆ ಗಂಟೆ ಈ ವಿಷಯವನ್ನು ಹೇಳಿಕೊಡುತ್ತಿದ್ದೇನೆ. ಅರ್ಧ ಹೊತ್ತು ಕೊಲಂಬಸನಿಗಿಂತ ಮೊದಲಿನ ಅಮೇರಿಕದ ನಾಗರಿಕತೆಗಳು, ಉಳಿದರ್ಧ ಸ್ಪಾನಿಷ್ ಭಾಷೆಯ ಮೊದಲ ಪಾಠಗಳು. ನಾನು ಸ್ಪಾನಿಷ್ ಪಂಡಿತನಲ್ಲ. ಮೊಬೈಲ್ ಫೋನಿನ ಪಾಠಗಳನ್ನು ಕೇಳಿ, ಒಂದು ವ್ಯಾಕರಣ ಪುಸ್ತಕವನ್ನು ಎದುರಿಗಿಟ್ಟುಕೊಂಡು ಕಲಿತದ್ದು ಅಷ್ಟಿಷ್ಟು. ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಹಿರಿಯರೊಬ್ಬರು, "ಮಾಷ್ಟ್ರೇ, ಇಂಗ್ಲಿಷೇ ಸರಿಯಾಗಿ ಬಾಯಿಗೆ ಬಾರದ ಮಕ್ಕಳಿಗೆ ಇದೆಲ್ಲ ಯಾಕೆ? ಇದರಲ್ಲಿ ಮಾರ್ಕು ಉಂಟಾ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಮಾರ್ಕು ಇಲ್ಲ. ಆದರೂ ಇದು ಬೇಕು ಎಂದೇ ನನ್ನ ಅಭಿಪ್ರಾಯ. ಹೊಸ ಭಾಷೆಯೊಂದಕ್ಕೆ ಇಂಗ್ಲಿಷಿನ ಬಾಗಿಲಿನಿಂದಲೇ ಒಳಹೊಗಬೇಕೆಂಬ ನಂಬಿಕೆ ಸುಳ್ಳೆಂಬುದನ್ನೂ, ಸ್ಪಾನಿಷನ್ನು ಕಲಿಸುವವರು ಆ ಭಾಷೆ ಯಾರ ನೆಲದ ಮೇಲೆ ಹರಡಿತೆಂಬುದನ್ನು ಮೊದಲು ಕಲಿಸಬೇಕೆಂಬುದನ್ನೂ ಇಲ್ಲಿ ಹೇಳಬಯಸುತ್ತೇನೆ.

ಮೊದಲು ಅಡಿಗೆ ಮನೆಯ ಸುದ್ದಿ. ನಮ್ಮ ಸಾರಿಗೂ ಸಾಂಬಾರಿಗೂ ಬೀಳುವ ಮೆಣಸಿನಕಾಯಿ ಈ ದೇಶದ್ದಲ್ಲ, ಅಮೇರಿಕದ್ದು. ಕೊಲಂಬಸನು ಹೊರಟದ್ದು ನಮ್ಮ ಕರಾವಳಿಯ ಒಳ್ಳೆಮೆಣಸಿನಂಥ ಸಂಬಾರ ಪದಾರ್ಥಗಳನ್ನು ಹುಡುಕಿಕೊಂಡು. ಅಲ್ಲಿ ಸಿಕ್ಕಿದ್ದು ಖಾರದ ಬೇರೊಂದು ಕಾಯಿ. ಸ್ಪೇನಿನವರು ಒಳ್ಳೆಮೆಣಸನ್ನು 'ಪಿಮಿಯೆಂತಾ' ಎನ್ನುತ್ತಿದ್ದರು. ಹೊಸ ಕಾಯಿಯನ್ನು 'ಪಿಮಿಯೆಂತೊ' ಎಂದರು. ಮುಂದೆ ಪೋರ್ತುಗೀಜರ ಹಡಗಿನಲ್ಲಿ ಆ ಕಾಯಿ ನಮ್ಮ ಊರಿಗೆ ಬಂದಾಗ ನಾವೂ ಅದನ್ನೇ ಮಾಡಿದೆವು. ಬಂದ ಅತಿಥಿಗೆ 'ಮೆಣಸು' ಎಂಬ ಹೆಸರನ್ನು ಕೊಟ್ಟು, ಮನೆಯ ಹಿರಿಯನಿಗೆ 'ಒಳ್ಳೆಮೆಣಸು' ಎಂಬ ಹೊಸ ಹೆಸರು ಹುಡುಕಿದೆವು. ಬಟಾಟೆ ಎಂಬ ಪದ ಇನ್ನೂ ಸ್ವಾರಸ್ಯದ್ದು. ಅದು ಕೊಲಂಬಸನು ಇಳಿದ ದ್ವೀಪಗಳ ತೈನೋ ಜನರು ಸಿಹಿಗೆಣಸಿಗೆ ಹೇಳುತ್ತಿದ್ದ ಹೆಸರು. ಪೋರ್ತುಗೀಜರ ಬಾಯಿಯಿಂದ ಪಶ್ಚಿಮ ಕರಾವಳಿಗೆ ಬಂದು ನಮ್ಮಲ್ಲಿ ಉಳಿಯಿತು. ಆ ದ್ವೀಪಗಳಲ್ಲಿ ತೈನೋ ಭಾಷೆಯನ್ನು ಮನೆಮಾತಾಗಿ ಆಡುವವರು ಇಲ್ಲವಾದರು. ಅವರ ಒಂದು ಪದವನ್ನು ಮಾತ್ರ ಕಾಸರಗೋಡಿನ ತಾಯಂದಿರು ದಿನವೂ ಉಚ್ಚರಿಸುತ್ತಿದ್ದಾರೆ. ತೊಂಡೆಯಲ್ಲ, ಬೆಂಡೆಯಲ್ಲ, ಆದರೆ ಟೊಮೆಟೊ, ಪಪ್ಪಾಯಿ, ಪೇರಳೆ, ಅನಾನಸು, ಮರಗೆಣಸು, ನೆಲಗಡಲೆ, ಗೇರುಬೀಜ, ರಬ್ಬರ್ ಇವೆಲ್ಲವೂ ಆ ಖಂಡದಿಂದ ಬಂದವು. ಚಿಕ್ಕು ಎಂದರೂ ಸಪೋಟ ಎಂದರೂ ಅದು ಮೆಕ್ಸಿಕೊದ ಅಸ್ತೆಕರ ನವ್ಹಾತಲ್ ಭಾಷೆಯಿಂದಲೇ ಹೊರಟ ಹೆಸರು. ಇದನ್ನೆಲ್ಲ ಬೆಳೆಸಿ, ಕಾಡುಗಿಡವನ್ನು ಊಟದ ಬೆಳೆಯಾಗಿ ತಿದ್ದಿದವರು ಯಾರೆಂದು ಉಣ್ಣುವವರು ಒಮ್ಮೆಯಾದರೂ ಕೇಳಬೇಡವೇ?

ನಮ್ಮ ಕಂಗಿನ ತೋಟಗಳ ನಡುವೆ ನಿಂತಿರುವ ಕೋಕೋ ಗಿಡದ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ವಿದ್ಯಾರ್ಥಿಗಳಲ್ಲಿ ಅನೇಕರ ಮನೆಯಲ್ಲಿ ಈ ಗಿಡವಿದೆ. ಕಾಸರಗೋಡಿನ ತೋಟಬೆಳೆಗಳ ಸಂಶೋಧನಾ ಕೇಂದ್ರದಲ್ಲಿ ಇದರ ಅಭ್ಯಾಸ ನಡೆಯುತ್ತದೆ. 1973ರಲ್ಲಿ ಹುಟ್ಟಿದ ಕ್ಯಾಂಪ್ಕೋ ಸಂಸ್ಥೆ 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆ ತೆರೆದದ್ದು ನಮ್ಮ ಕೃಷಿಕರಿಗೆಲ್ಲ ಗೊತ್ತು. ಆದರೆ ಮಾಯಾ ಜನರು ಒಂದೂವರೆ ಸಾವಿರ ವರ್ಷಗಳ ಹಿಂದೆಯೇ ಈ ಬೀಜವನ್ನು ಅರೆದು ನೊರೆ ಬರಿಸಿ ಕುಡಿಯುತ್ತಿದ್ದರು, ಕುಡಿಯುವ ಪಾತ್ರೆಯ ಮೇಲೆ ಅದರ ಹೆಸರನ್ನು ಬರೆಯುತ್ತಿದ್ದರು ಎಂದರೆ ಮಕ್ಕಳು ಕಣ್ಣರಳಿಸುತ್ತಾರೆ. ಗ್ವಾಟೆಮಾಲಾ ದೇಶದ ರಿಯೊ ಅಸೂಲ್ ಎಂಬಲ್ಲಿ 1984ರಲ್ಲಿ ಒಂದು ಗೋರಿಯೊಳಗೆ ಮುಚ್ಚಳವಿರುವ ಮಡಕೆ ಸಿಕ್ಕಿತು. ಅದರ ಮೇಲಿದ್ದ ಬರಹವನ್ನು ಓದಿದರೆ ಅಲ್ಲಿ ಕೋಕೋದ ಹೆಸರಿತ್ತು. ಒಳಗೆ ಅಂಟಿದ್ದ ಪುಡಿಯನ್ನು ಪರೀಕ್ಷಿಸಿದರೆ ಅದೂ ಕೋಕೋ ಆಗಿತ್ತು. ಅಸ್ತೆಕರ ಸಂತೆಯಲ್ಲಿ ಈ ಬೀಜವೇ ಚಿಲ್ಲರೆ ಹಣ. ಎಂಟು ಸಾವಿರ ಬೀಜಕ್ಕೆ ಒಂದು ಚೀಲ ಎಂಬ ಲೆಕ್ಕ. ಎಂಟು ಸಾವಿರವೇ ಏಕೆ, ಹತ್ತು ಸಾವಿರ ಏಕಿಲ್ಲ? ಅವರದು ಇಪ್ಪತ್ತರ ಲೆಕ್ಕ. ಇಪ್ಪತ್ತು ಇಪ್ಪತ್ತಲೆ ನಾನೂರು, ಅದನ್ನು ಮತ್ತೆ ಇಪ್ಪತ್ತರಿಂದ ಗುಣಿಸಿದರೆ ಎಂಟು ಸಾವಿರ.

ಈ ಇಪ್ಪತ್ತರ ಲೆಕ್ಕವನ್ನು ಮಾಯಾ ಜನರು ಬರೆಯುತ್ತಿದ್ದ ಬಗೆಯನ್ನು ಕಲಿಸಲು ಹತ್ತು ನಿಮಿಷ ಸಾಕು. ಒಂದಕ್ಕೆ ಒಂದು ಚುಕ್ಕೆ, ಐದಕ್ಕೆ ಒಂದು ಅಡ್ಡಗೆರೆ, ಸೊನ್ನೆಗೆ ಚಿಪ್ಪಿನಂಥ ಒಂದು ಚಿತ್ರ. ಈ ಮೂರೇ ಚಿಹ್ನೆಗಳು. ಸ್ಥಾನಗಳು ಎಡದಿಂದ ಬಲಕ್ಕಲ್ಲ, ಕೆಳಗಿನಿಂದ ಮೇಲಕ್ಕೆ. ಚಿಪ್ಪಿನ ಮೇಲೊಂದು ಚುಕ್ಕೆ ಇಟ್ಟರೆ ಇಪ್ಪತ್ತು. ಮೇಲೆ ಮೂರು ಗೆರೆ ಮೂರು ಚುಕ್ಕೆ, ಕೆಳಗೆ ಒಂದು ಗೆರೆ ಇಟ್ಟರೆ ಹದಿನೆಂಟು ಇಪ್ಪತ್ತುಗಳು ಮತ್ತು ಐದು, ಅಂದರೆ 365. ಅವರ ಒಂದು ಪಂಚಾಂಗದ ವರ್ಷವೂ ಇಪ್ಪತ್ತು ದಿನಗಳ ಹದಿನೆಂಟು ತಿಂಗಳು ಮತ್ತು ಐದು ದಿನಗಳದ್ದೇ. ಇದರ ಜೊತೆಗೆ 260 ದಿನಗಳ ಇನ್ನೊಂದು ಪಂಚಾಂಗವಿತ್ತು. ಎರಡೂ ಆರಂಭದ ದಿನಕ್ಕೆ ಮರಳಿ ಕೂಡಿಕೊಳ್ಳಲು 52 ವರ್ಷ ಹಿಡಿಯುತ್ತದೆ. ಇದೇಕೆಂದು ಲಘುತಮ ಸಾಮಾನ್ಯ ಗುಣಕ ಕಲಿತ ವಿದ್ಯಾರ್ಥಿ ತಾನೇ ಲೆಕ್ಕ ಮಾಡಿ ತೋರಿಸಬಲ್ಲ. ಶುಕ್ರಗ್ರಹವು ಒಂದು ಸುತ್ತು ಮುಗಿಸಿ ಮತ್ತೆ ಮುಂಜಾನೆ ಅದೇ ತೆರನಾಗಿ ಕಾಣಿಸಿಕೊಳ್ಳಲು 584 ದಿನ ಬೇಕೆಂದು ಬರಿಗಣ್ಣಿನಿಂದ ನೋಡಿಯೇ ಅವರು ಬರೆದಿಟ್ಟಿದ್ದರು.

ಇಲ್ಲಿ ಮಕ್ಕಳು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ. ಯಕ್ಷಗಾನ ನೋಡಿ ಬೆಳೆದವರಲ್ಲವೇ, "ಪಾಂಡವರಿಗೆ ಸಭಾಭವನ ಕಟ್ಟಿಕೊಟ್ಟ ಮಯನ ಕಡೆಯವರೇ ಈ ಮಾಯಾ ಜನರು?" ಎನ್ನುತ್ತಾರೆ. ಅಲ್ಲ. ಹೆಸರಿನ ಧ್ವನಿ ಹೋಲುತ್ತದೆಯೇ ವಿನಾ ಬೇರೆ ಸಂಬಂಧವಿಲ್ಲ. ಸೋಮನಾಥಪುರದ ಹೊಯ್ಸಳ ದೇವಾಲಯದ ಶಿಲ್ಪಗಳ ಕೈಯಲ್ಲಿರುವುದು ಮೆಕ್ಕೆಜೋಳದ ತೆನೆ ಎಂದು ವಾದಿಸಿದವರೂ ಇದ್ದಾರೆ; ಹೆಚ್ಚಿನ ವಿದ್ವಾಂಸರು ಅದನ್ನು ಒಪ್ಪಿಲ್ಲ. ಸೊನ್ನೆಯ ಕಲ್ಪನೆ ಭಾರತದಲ್ಲಿ ಹುಟ್ಟಿತೆಂಬುದು ನಮಗೆ ಹೆಮ್ಮೆಯೇ. ಆದರೆ ನಮ್ಮ ಸುದ್ದಿಯನ್ನೇ ಕೇಳದ ಜನರು ತಮ್ಮಷ್ಟಕ್ಕೆ ತಾವೇ ಆ ಕಲ್ಪನೆಗೆ ತಲಪಿದರು. ಅವರ ಚಿನ್ನವನ್ನು ಒಬ್ಬರು ಕೊಂಡೊಯ್ದರು; ಅವರ ಬುದ್ಧಿಯ ಫಲವನ್ನು ನಾವು ನಮ್ಮದೆಂದು ಬರೆದುಕೊಳ್ಳುವುದು ಬೇಡ.

ಮಾಯಾ ಲಿಪಿಯ ಪಾಠ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. 1562ರ ಜುಲೈ ತಿಂಗಳಲ್ಲಿ ಯುಕಾತಾನ್ ಪ್ರಾಂತದ ಮಾನಿ ಎಂಬ ಊರಿನಲ್ಲಿ ದಿಯೆಗೊ ದೆ ಲಾಂದಾ ಎಂಬ ಪಾದ್ರಿ, ಸೈತಾನನ ಸುಳ್ಳುಗಳೆಂದು ಹೇಳಿ, ಆ ಜನರ ಪುಸ್ತಕಗಳನ್ನು ರಾಶಿ ಹಾಕಿ ಸುಡಿಸಿದನು. ಇಂದು ಜಗತ್ತಿನಲ್ಲಿ ಉಳಿದಿರುವ ಹಳೆಯ ಮಾಯಾ ಪುಸ್ತಕಗಳು ನಾಲ್ಕೇ ನಾಲ್ಕು. ವಿಚಿತ್ರವೆಂದರೆ ಅದೇ ಲಾಂದಾ ಮುಂದೆ ಆ ಜನರ ರೀತಿನೀತಿಗಳ ಬಗ್ಗೆ ಒಂದು ಗ್ರಂಥ ಬರೆದನು. ಅದರಲ್ಲಿ ಅವರ ಅಕ್ಷರಮಾಲೆಯನ್ನು ಕೊಡಲು ಹೊರಟು, ಮಾಯಾ ಲಿಪಿಕಾರನೊಬ್ಬನಿಗೆ ಸ್ಪಾನಿಷ್ ಅಕ್ಷರಗಳ ಹೆಸರುಗಳನ್ನು ಒಂದೊಂದಾಗಿ ಹೇಳಿ ಬರೆಯಿಸಿದನು. 'ಬೆ' ಎಂದಾಗ ಆತ ಹೆಜ್ಜೆಯ ಗುರುತನ್ನು ಬರೆದನು. ಏಕೆಂದರೆ ಅವರ ಭಾಷೆಯಲ್ಲಿ 'ಬೆ' ಎಂದರೆ ದಾರಿ. ಲಾಂದಾ ಇಂಗ್ಲಿಷಿನಂತೆ ಬಿಡಿ ವ್ಯಂಜನಗಳನ್ನು ನಿರೀಕ್ಷಿಸಿದ್ದ. ಆ ಲಿಪಿಕಾರನು ನಮ್ಮ ಹಾಗೆ ಸ್ವರ ಕೂಡಿದ ಅಕ್ಷರಗಳನ್ನು ಬರೆಯುತ್ತಿದ್ದ. ಆ ಪಟ್ಟಿ ಅರ್ಥವಿಲ್ಲದ್ದೆಂದು ಅನೇಕ ವಿದ್ವಾಂಸರು ಬದಿಗೆ ಸರಿಸಿದ್ದರು. 1952ರಲ್ಲಿ ಯೂರಿ ಕ್ನೊರೊಜೋವ್ ಎಂಬ ರಷ್ಯದ ವಿದ್ವಾಂಸರು, ಮಾಯಾ ನಾಡನ್ನು ಕಣ್ಣಾರೆ ಕಾಣದೆಯೇ, ಆ ಚಿಹ್ನೆಗಳಲ್ಲಿ ಅನೇಕವು ಪದದ ತುಂಡುಗಳನ್ನು, ಅಂದರೆ ನಾವು ಅಕ್ಷರವೆನ್ನುವುದನ್ನೇ, ಸೂಚಿಸುತ್ತವೆಂದು ತೋರಿಸಿಕೊಟ್ಟರು. ಆ ಮಡಕೆಯ ಮೇಲಿನ ಹೆಸರೂ ಹಾಗೆಯೇ: ಮೀನಿನ ಚಿತ್ರ 'ಕ', ಮತ್ತೊಂದು 'ಕ', ಆಮೇಲೆ 'ವ', ಕೊನೆಯ ಸ್ವರವನ್ನು ಬಿಟ್ಟು ಓದಿದರೆ 'ಕಕವ್'. ಕಾಗುಣಿತ ಬಾಯಿಪಾಠ ಮಾಡಿದ ನಮ್ಮ ವಿದ್ಯಾರ್ಥಿಗೆ ಇದು ಒಂದೇ ಮಾತಿನಲ್ಲಿ ತಿಳಿಯುತ್ತದೆ. ನಮ್ಮಲ್ಲಿರುವಂತೆ ಅರ್ಧಾಕ್ಷರದ ಚಿಹ್ನೆ ಅವರಲ್ಲಿರಲಿಲ್ಲ ಎಂದು ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ತಾನಾಗಿಯೇ ಹೇಳಿದಳು.

ಅಸ್ತೆಕರ ಪಾಠಕ್ಕೆ ಬಂದರೆ ನರಬಲಿಯ ವಿಷಯ ಬರುತ್ತದೆ. ಅದನ್ನು ಮುಚ್ಚಿಡಬಾರದು. ಅವರು ಸೂರ್ಯನು ನಡೆಯಬೇಕಾದರೆ ಮನುಷ್ಯರ ರಕ್ತ ಬೇಕೆಂದು ನಂಬಿ ಸೆರೆಯಾಳುಗಳನ್ನು ಕೊಲ್ಲುತ್ತಿದ್ದರು. ಅದೇ ಕಾಲದಲ್ಲಿ ಸ್ಪೇನಿನಲ್ಲಿ ಮತದ್ರೋಹದ ಆಪಾದನೆ ಹೊರಿಸಿ ಮನುಷ್ಯರನ್ನು ಜೀವಂತವಾಗಿ ಸುಡುತ್ತಿದ್ದರು. ಎರಡನ್ನೂ ಹೇಳಿ, ಮಕ್ಕಳೇ ತೂಗಿ ನೋಡಲಿ ಎಂದು ಬಿಡುತ್ತೇನೆ. ಹಾಗೆಯೇ ಅವರ ರಾಜಧಾನಿ ತೆನೊಚ್‌ತಿತ್ಲಾನ್ ಸರೋವರದ ನಡುವಿನ ದ್ವೀಪದಲ್ಲಿ ಎದ್ದು ನಿಂತ ಪಟ್ಟಣವಾಗಿತ್ತೆಂದೂ, ದಡದಿಂದ ಅಲ್ಲಿಗೆ ಕಟ್ಟಿದ ದಾರಿಗಳೂ ಕುಡಿಯುವ ನೀರಿನ ಕಾಲುವೆಯೂ ಇದ್ದುವೆಂದೂ, ಸರೋವರದ ಕೆಸರನ್ನು ಎತ್ತಿ ಹಾಕಿ ಮಾಡಿದ ಗದ್ದೆಗಳಲ್ಲಿ ವರ್ಷವಿಡೀ ಬೆಳೆ ತೆಗೆಯುತ್ತಿದ್ದರೆಂದೂ ಹೇಳುತ್ತೇನೆ. 1519ರ ನವೆಂಬರಿನಲ್ಲಿ ಅದನ್ನು ಮೊದಲು ಕಂಡ ಸ್ಪೇನಿನ ಸೈನಿಕರಿಗೆ ಇದು ಕನಸೋ ಎಂಬ ಭ್ರಮೆಯಾಯಿತೆಂದು ಅವರಲ್ಲೊಬ್ಬನಾದ ಬೆರ್ನಾಲ್ ದಿಯಾಸ್ ಬರೆದಿಟ್ಟಿದ್ದಾನೆ. 1521ರ ಆಗಸ್ಟ್ 13ರಂದು ಆ ಪಟ್ಟಣ ಬಿದ್ದಿತು. ಕುದುರೆ, ಉಕ್ಕಿನ ಕತ್ತಿ, ಅಸ್ತೆಕರನ್ನು ದ್ವೇಷಿಸುತ್ತಿದ್ದ ನೆರೆಯ ರಾಜ್ಯಗಳ ಸಾವಿರಾರು ಯೋಧರು, ಇವೆಲ್ಲಕ್ಕೂ ಮಿಗಿಲಾಗಿ ಸಿಡುಬು ಕಾರಣ.

ಇನ್ನೂ ಒಂದು ಕಾರಣವಿತ್ತು: ಎರಡು ಭಾಷೆ ಬಲ್ಲ ಒಬ್ಬ ಹೆಂಗಸು. ಆಕೆಯನ್ನು ಮಲಿನ್‌ತ್ಸಿನ್ ಎಂದೂ, ಸ್ಪೇನಿನವರು ದೋಞಾ ಮರೀನಾ ಎಂದೂ ಕರೆದರು. ನವ್ಹಾತಲ್ ಆಕೆಯ ಹುಟ್ಟುಮಾತು. ಗುಲಾಮಳಾಗಿ ಮಾಯಾ ಜನರ ಊರಿನಲ್ಲಿದ್ದು ಅವರ ಮಾತನ್ನೂ ಕಲಿತಳು. 1519ರಲ್ಲಿ ಆಕೆಯನ್ನು ಇತರ ಹೆಂಗಸರೊಡನೆ ಸ್ಪೇನಿನ ದಂಡನಾಯಕ ಕೋರ್ತೆಸನಿಗೆ ಕಾಣಿಕೆಯಾಗಿ ಕೊಟ್ಟುಬಿಟ್ಟರು. ಕೋರ್ತೆಸನು ಸ್ಪಾನಿಷಿನಲ್ಲಿ ಹೇಳಿದ್ದನ್ನು ಮಾಯಾ ಭಾಷೆ ಬಲ್ಲ ಅವನ ಕಡೆಯವನೊಬ್ಬ ಆ ಭಾಷೆಯಲ್ಲಿ ಹೇಳಬೇಕು. ಅದನ್ನು ಆಕೆ ನವ್ಹಾತಲ್‌ಗೆ ತಿರುಗಿಸಬೇಕು. ಸ್ವಲ್ಪ ಕಾಲದಲ್ಲೇ ಆಕೆ ಸ್ಪಾನಿಷನ್ನೂ ಕಲಿತಳು, ನಡುವಿನವನು ಬೇಡವಾದನು. ಇಂದಿಗೂ ಮೆಕ್ಸಿಕೊದಲ್ಲಿ ಪರರಿಗೆ ಮಾರುಹೋದವರನ್ನು ಆಕೆಯ ಹೆಸರಿನಿಂದಲೇ ಬಯ್ಯುವುದುಂಟು. ಆಕೆ ದ್ರೋಹಿಯೇ? ನಮ್ಮ ತರಗತಿಯಲ್ಲಿ ಇದರ ಚರ್ಚೆ ಎರಡು ಶನಿವಾರ ನಡೆಯಿತು. ದ್ರೋಹಿಯೆನ್ನಲು ಆಕೆಗೆ 'ತನ್ನವರು' ಯಾರಿದ್ದರು, ಮಾರಿದವರೇ ತನ್ನವರೇ, ಎಂದು ಒಬ್ಬ ಹುಡುಗ ಕೇಳಿದ. ನನ್ನ ಅಭಿಪ್ರಾಯವೂ ಅದೇ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳ ಆಡುವ ನಮ್ಮ ಮಕ್ಕಳು, ಕಛೇರಿಯ ಕಿಟಿಕಿಯ ಮುಂದೆ ಅಜ್ಜ ಅಜ್ಜಿಯರ ಮಾತನ್ನು ಭಾಷಾಂತರಿಸಿ ಅಭ್ಯಾಸವಾದವರು. ಇಬ್ಬರ ನಡುವೆ ನಿಂತು ಮಾತು ದಾಟಿಸುವವರ ಕೈಯಲ್ಲಿರುವ ಶಕ್ತಿಯನ್ನೂ ಅವರ ಮೇಲೆ ಬೀಳುವ ಸಂಶಯವನ್ನೂ ಅವರು ಬಲ್ಲಷ್ಟು ಒಂದೇ ಭಾಷೆಯ ಊರಿನ ಮಕ್ಕಳು ಬಲ್ಲರೆಂದು ನನಗೆ ತೋರುವುದಿಲ್ಲ.

ಎರಡು ಭಾಷೆಗಳ ಇನ್ನೊಂದು ಕೆಲಸವೂ ಅದೇ ನೆಲದಲ್ಲಿ ನಡೆಯಿತು. ಬೆರ್ನಾರ್ದಿನೊ ದೆ ಸಾಗುನ್ ಎಂಬ ಪಾದ್ರಿ ನವ್ಹಾತಲ್ ಕಲಿತು, ಆ ಜನರ ಹಿರಿಯರನ್ನೂ ಎರಡು ಭಾಷೆ ಬಲ್ಲ ತರುಣರನ್ನೂ ಕೂರಿಸಿಕೊಂಡು, ಅವರ ದೇವರು, ವ್ಯಾಪಾರ, ಔಷಧ, ಪ್ರಾಣಿ ಪಕ್ಷಿಗಳ ವಿಷಯವನ್ನೆಲ್ಲ ಹನ್ನೆರಡು ಸಂಪುಟಗಳಲ್ಲಿ ಬರೆಯಿಸಿದನು. ಪುಟದ ಒಂದು ಕಡೆ ನವ್ಹಾತಲ್, ಇನ್ನೊಂದು ಕಡೆ ಸ್ಪಾನಿಷ್. 1577ರ ಸುಮಾರಿಗೆ ಮುಗಿದ ಆ ಗ್ರಂಥ ಇಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿದೆ. ಇನ್ಕಾ ಜನರದು ಬೇರೆಯೇ ಕಥೆ: ಅಕ್ಷರಗಳಿಲ್ಲದೆ ದಾರದ ಗಂಟುಗಳಲ್ಲಿ ಹತ್ತರ ಲೆಕ್ಕವನ್ನಿಟ್ಟು, ಚಕ್ರದ ಗಾಡಿಯಿಲ್ಲದೆ ಅಂದಿಸ್ ಪರ್ವತಗಳಲ್ಲಿ ಸುಮಾರು ಮೂವತ್ತು ಸಾವಿರ ಕಿಲೋಮೀಟರು ದಾರಿಯನ್ನು ಬಳಸಿ ಆಳಿದವರು. ಅವರ ಅರಸ ಅತಾವಾಲ್ಪನನ್ನು 1532ರಲ್ಲಿ ಪಿಸಾರೊ ಸೆರೆಹಿಡಿದು, ಕೋಣೆ ತುಂಬ ಚಿನ್ನ ಬರಿಸಿಕೊಂಡು, ಮರುವರ್ಷ ಕೊಲ್ಲಿಸಿದನು. ಈ ಕಥೆಯನ್ನು ಕೇಳಿದ ದಿನ ತರಗತಿ ಮೌನವಾಗಿತ್ತು.

ಇಷ್ಟೆಲ್ಲ ತಿಳಿದ ಮೇಲೆ, ಗೆದ್ದವರ ಭಾಷೆಯನ್ನೇ ಏಕೆ ಕಲಿಯಬೇಕು ಎಂದು ಮಕ್ಕಳು ಕೇಳಿದರೆ ಅದು ಪಾಠದ ಯಶಸ್ಸೇ. ಸ್ಪಾನಿಷ್ ಇಂದು ಸುಮಾರು ಇಪ್ಪತ್ತು ದೇಶಗಳ ಆಡಳಿತ ಭಾಷೆ, ಸುಮಾರು 50 ಕೋಟಿ ಜನರ ಮನೆಮಾತು. ಗೆದ್ದವರ ಮಕ್ಕಳೂ ಸೋತವರ ಮಕ್ಕಳೂ ಅದರಲ್ಲಿಯೇ ಮಾತಾಡಿಕೊಳ್ಳುತ್ತಾರೆ. ಅವರ ಮಾತು ನೇರವಾಗಿ ನಮ್ಮ ಕಿವಿಗೆ ಬೀಳಬೇಕಾದರೆ ಅದನ್ನು ಕಲಿಯುವುದೇ ದಾರಿ.

ಮತ್ತು ಅದನ್ನು ಕನ್ನಡದ ಮೂಲಕ ಕಲಿಯುವುದು ಸುಲಭ. ಇದು ಭಾಷಾಭಿಮಾನದ ಮಾತಲ್ಲ. ಕರಿಹಲಗೆಯ ಮೇಲೆ ತೋರಿಸಬಹುದಾದ ಸಂಗತಿ. ಸ್ಪಾನಿಷಿನ ಸ್ವರಗಳು ಐದೇ: ಅ, ಎ, ಇ, ಒ, ಉ. ಇಂಗ್ಲಿಷಿನಂತೆ ಒಂದೇ ಅಕ್ಷರ ಒಂದೊಂದು ಪದದಲ್ಲಿ ಒಂದೊಂದು ವೇಷ ಹಾಕುವುದಿಲ್ಲ. ಅವರ ತ, ದ ನಮ್ಮ ತ, ದಗಳಂತೆ ಹಲ್ಲಿನ ಹಿಂದೆ ಹುಟ್ಟುವಂಥವು. ಟೊಮೆಟೊ ಅಲ್ಲ, 'ತೊಮಾತೆ'. ಎಚ್ ಅಕ್ಷರ ಬರೆದರೂ ಉಚ್ಚಾರವಿಲ್ಲ. ನಮಸ್ಕಾರಕ್ಕೆ 'ಓಲಾ' ಎಂದಾಗ ಬಾಡಿಗೆ ಕಾರಿನ ಹೆಸರಲ್ಲವೇ ಎಂದು ಎಲ್ಲರೂ ನಕ್ಕರು. ವರ್ಣಮಾಲೆಯಲ್ಲಿ ಯಾವ ಕೆಲಸವೂ ಇಲ್ಲದೆ ಕುಳಿತಿದೆ ಎಂದು ಮಕ್ಕಳು ದೂರುವ ನಮ್ಮ 'ಞ'ಕ್ಕೆ ಅಲ್ಲಿ ದಿನವೂ ಕೆಲಸವಿದೆ. 'ನಿಞೊ' ಎಂದರೆ ಹುಡುಗ, 'ನಿಞಾ' ಎಂದರೆ ಹುಡುಗಿ. ಇನ್ನು ರಕಾರ: 'ಪೆರೊ' ಎಂದು ನಾಲಗೆಯನ್ನು ಒಮ್ಮೆ ತಾಗಿಸಿದರೆ 'ಆದರೆ', 'ಪೆಱೊ' ಎಂದು ಅದುರಿಸಿದರೆ 'ನಾಯಿ'. ಹಳಗನ್ನಡದ ಈ ಶಕಟರೇಫವನ್ನು ನಾವು ಬಿಟ್ಟು ಬಹುಕಾಲವಾಯಿತು. ಆದರೆ ಮಲಯಾಳದಲ್ಲಿ ಅದು ಬದುಕಿದೆ. 'ಕರ' ಎಂದರೆ ದಡ, 'ಕಱ' ಎಂದರೆ ಕಲೆ ಎಂದು ಸಂತೆಯಲ್ಲೇ ಕಲಿತಿರುವ ನಮ್ಮ ಮಕ್ಕಳಿಗೆ ಸ್ಪಾನಿಷಿನ ನಾಯಿ ಕಷ್ಟ ಕೊಡಲಿಲ್ಲ.

ವಾಕ್ಯಕ್ಕೆ ಬಂದರೆ ಕನ್ನಡದ ಉಪಕಾರ ಇನ್ನೂ ಹೆಚ್ಚು. 'ಆಬ್ಲೊ' ಎಂದರೆ ಮಾತಾಡುತ್ತೇನೆ, 'ಆಬ್ಲಾಸ್' ಎಂದರೆ ಮಾತಾಡುತ್ತೀಯ, 'ಆಬ್ಲಾಮೋಸ್' ಎಂದರೆ ಮಾತಾಡುತ್ತೇವೆ. ನಾನು, ನೀನು, ನಾವು ಎಂದು ಬೇರೆ ಹೇಳಬೇಕಾಗಿಲ್ಲ. ಕ್ರಿಯಾಪದದ ಬಾಲವೇ ಹೇಳುತ್ತದೆ. ಇಂಗ್ಲಿಷಿನಲ್ಲಿ ಇದು ಹೆಚ್ಚುಕಡಿಮೆ ಇಲ್ಲ, ಮಲಯಾಳದಲ್ಲಿಯೂ ಇಲ್ಲ, ಕನ್ನಡದಲ್ಲಿದೆ. ನೀನು, ನೀವು ಎಂಬ ಭೇದವೂ ಅವರಲ್ಲುಂಟು: ಗೆಳೆಯನಿಗೆ 'ತೂ', ಹಿರಿಯರಿಗೆ 'ಉಸ್ತೆದ್'. 'ನನಗೆ ಮಾವಿನಹಣ್ಣು ಇಷ್ಟ' ಎನ್ನಲು ಇಂಗ್ಲಿಷಿನವನು ತನ್ನನ್ನೇ ಕರ್ತೃವಾಗಿ ಮುಂದಿಡುತ್ತಾನೆ. ಸ್ಪಾನಿಷಿನವನು 'ಮೆ ಗುಸ್ತಾ ಎಲ್ ಮಾಂಗೊ' ಎನ್ನುತ್ತಾನೆ. 'ಮೆ' ಎಂದರೆ ನನಗೆ. ತಲೆ ನೋಯುವುದೂ ಅವರಿಗೆ 'ನನಗೆ'ಯೇ. ಚತುರ್ಥಿ ವಿಭಕ್ತಿಯನ್ನು ಬಲ್ಲ ಮಗುವಿಗೆ ಇದನ್ನು ಇಂಗ್ಲಿಷಿನ ಮೂಲಕ ಸುತ್ತಿ ಬಳಸಿ ವಿವರಿಸುವುದು ಹಿತ್ತಲ ಗಿಡದ ಹೂವನ್ನು ಪೇಟೆಯಿಂದ ತರಿಸಿದಂತೆ. ಅಂದ ಹಾಗೆ ಆ 'ಮಾಂಗೊ' ನಮ್ಮ ನೆರೆಯ 'ಮಾಙ್ಙ'ವೇ. ಪೋರ್ತುಗೀಜರ ಹಡಗಿನಲ್ಲಿ ಇಲ್ಲಿಂದ ಹೋದದ್ದು.

ಕಷ್ಟಗಳಿಲ್ಲವೆಂದಲ್ಲ. ನಿರ್ಜೀವ ವಸ್ತುಗಳಿಗೆಲ್ಲ ಅಲ್ಲಿ ಗಂಡು ಹೆಣ್ಣೆಂಬ ಲಿಂಗವಿದೆ. ಮೇಜು ಹೆಣ್ಣು, ಪುಸ್ತಕ ಗಂಡು. ಇದಕ್ಕೆ ಕನ್ನಡದಲ್ಲಿ ಉತ್ತರವಿಲ್ಲ. ಹಿಂದಿ ಪಾಠವನ್ನು ನೆನಪಿಸಿಕೊಳ್ಳಿರೆಂದು ಹೇಳಿ, ಉಳಿದದ್ದನ್ನು ಬಾಯಿಪಾಠ ಮಾಡಿಸುವುದೇ ಸರಿ. ವಿಶೇಷಣ ನಾಮಪದದ ಹಿಂದಿನಿಂದ ಬರುತ್ತದೆ. 'ರಿಯೊ ಅಸೂಲ್' ಎಂದರೆ 'ಹೊಳೆ ನೀಲಿ'.

ಹಾಗಾದರೆ ಇಂಗ್ಲಿಷ್ ಬೇಡವೇ? ಬೇಕು. ನಾನೇ ಅರ್ಧ ವಿದ್ಯಾಭ್ಯಾಸವನ್ನು ಕನ್ನಡದಲ್ಲಿಯೂ ಉಳಿದರ್ಧವನ್ನು ಇಂಗ್ಲಿಷಿನಲ್ಲಿಯೂ ಮಾಡಿದವನು. ಆದರೆ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದರೆ ಜಗತ್ತು ತೆರೆದುಕೊಳ್ಳುತ್ತದೆ, ಕನ್ನಡ ಶಾಲೆಯಲ್ಲಿದ್ದರೆ ಮುಚ್ಚಿಕೊಳ್ಳುತ್ತದೆ ಎಂಬ ಭಯದಿಂದ ಮಕ್ಕಳನ್ನು ಇಲ್ಲಿಂದ ಬಿಡಿಸುವ ರಕ್ಷಕರು ಈ ಶನಿವಾರದ ತರಗತಿಗೆ ಒಮ್ಮೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತು ನೋಡಬೇಕೆಂದು ಕೋರುತ್ತೇನೆ. 1956ರಲ್ಲಿ ಗಡಿ ಎಳೆದ ಮೇಲೂ ಕಾಸರಗೋಡಿನಲ್ಲಿ ಕನ್ನಡ ಶಾಲೆಗಳು ಉಳಿದದ್ದು ಮಕ್ಕಳು ಬಂದದ್ದರಿಂದ. ಮಕ್ಕಳು ಬಾರದ ಶಾಲೆಯನ್ನು ಯಾವ ಕಾನೂನೂ ಉಳಿಸಲಾರದು.

ನಮ್ಮ ಅವಸ್ಥೆಯನ್ನು ಆ ಜನರ ಅವಸ್ಥೆಯೊಡನೆ ಸರಿಗಟ್ಟುವುದು ಅತಿಶಯೋಕ್ತಿ. ನಮ್ಮ ಪುಸ್ತಕಗಳನ್ನು ಯಾರೂ ಸುಟ್ಟಿಲ್ಲ. ಗಡಿಯಾಚೆ ಒಂದು ರಾಜ್ಯವೇ ಕನ್ನಡದ್ದಿದೆ. ಅವರಿಗೆ ಅದ್ಯಾವುದೂ ಇರಲಿಲ್ಲ. ಆದರೂ ಇನ್ಕಾ ಜನರ ಕೆಚುವಾ ಭಾಷೆಯನ್ನು ಇಂದಿಗೂ ಎಪ್ಪತ್ತು ಲಕ್ಷಕ್ಕೂ ಮಿಕ್ಕ ಜನರು ಆಡುತ್ತಾರೆ. 1975ರಲ್ಲಿ ಪೆರು ದೇಶ ಅದಕ್ಕೆ ಆಡಳಿತ ಭಾಷೆಯ ಮನ್ನಣೆ ಕೊಟ್ಟಿತು. ನವ್ಹಾತಲ್ ಆಡುವವರು ಮೆಕ್ಸಿಕೊದಲ್ಲಿ ಹದಿನಾರು ಲಕ್ಷದಷ್ಟಿದ್ದಾರೆ. ಪರಾಗ್ವೆ ದೇಶದ ಸಂಗತಿ ಎಲ್ಲಕ್ಕಿಂತ ಬೆರಗಿನದು. ಅಲ್ಲಿ ಗ್ವಾರಾನಿ ಎಂಬ ನೆಲದ ಭಾಷೆಯನ್ನು ಸ್ಪೇನಿನವರ ಸಂತತಿಯೂ ಆಡುತ್ತದೆ. 1992ರ ಸಂವಿಧಾನದಲ್ಲಿ ಸ್ಪಾನಿಷಿನ ಜೊತೆಗೆ ಅದೂ ಆಡಳಿತ ಭಾಷೆಯಾಯಿತು. ಶಾಲೆಯಲ್ಲಿ ಗ್ವಾರಾನಿ ಆಡಿದ ಮಕ್ಕಳನ್ನು ಶಿಕ್ಷಿಸುತ್ತಿದ್ದ ಕಾಲವೂ ಅಲ್ಲಿ ಇತ್ತು. ಆ ಕಾಲದಲ್ಲಿ ಅದನ್ನು ಕಾಪಾಡಿದ್ದು ಸರಕಾರವಲ್ಲ. ಮನೆಗೆ ಬಂದ ಮಗುವಿನೊಡನೆ ಅಡಿಗೆಮನೆಯಲ್ಲಿ ತಾಯಿ ಆಡಿದ ಮಾತು. ಮಾರ್ಕು ಉಂಟಾ ಎಂದು ಕೇಳಿದ ಹಿರಿಯರಿಗೆ ನಾನು ಪರಾಗ್ವೆಯ ಕಥೆಯನ್ನೇ ಹೇಳಿದೆ. ಅವರು ಪೂರ್ತಿಯಾಗಿ ಒಪ್ಪಿದರೆಂದು ಹೇಳಲಾರೆ. ಆದರೆ ಅವರ ಮೊಮ್ಮಗಳು ಈಗಲೂ ಶನಿವಾರದ ತರಗತಿಗೆ ಬರುತ್ತಿದ್ದಾಳೆ.

ಬರುವ ಜೂನ್ ತಿಂಗಳಿನಿಂದ ಎಂಟನೆಯ ತರಗತಿಯವರನ್ನೂ ಸೇರಿಸಿಕೊಳ್ಳಲಾಗುವುದು. ಶುಲ್ಕವಿಲ್ಲ. ಒಂದು ನೂರು ಪುಟದ ನೋಟುಪುಸ್ತಕ ಸಾಕು. ತೋಟದಲ್ಲಿ ಕೋಕೋ ಇರುವ ರಕ್ಷಕರು ಮೊದಲ ಶನಿವಾರ ಹಣ್ಣಾದ ಕಾಯೊಂದನ್ನು ಮಗುವಿನ ಕೈಯಲ್ಲಿ ಕಳುಹಿಸಿಕೊಟ್ಟರೆ ಉಪಕಾರವಾದೀತು. ಬೀಜಗಳನ್ನು ತೊಳೆದು ಒಣಗಿಸಿ, ಇಪ್ಪತ್ತಿಪ್ಪತ್ತಾಗಿ ಎಣಿಸುವುದರಿಂದಲೇ ಪಾಠವನ್ನು ತೊಡಗುತ್ತೇವೆ.